ಅಮಾಸಿತನಕ ಅಳತೆ

ಅಜಯಕುಮಾರ ಎಂಬ ಎಂಜಿನಿಯರನನ್ನು ಕಂಡ ಮೊದಲ ದಿನವೇ ನನಗೆ ಹೇಸಿಕೆ ಬಂದಿತ್ತು. ಶಹಾಬಾದ್ ಹೊರಗಿನ ನೆಲಕ್ಕೆ ಹಾಸುವ ಫರಸಿ ಕಲ್ಲಿನ ನಮ್ಮ ಕಾರ್ಖಾನೆಗೆ ಬಂದು, ಕಲ್ಲಿನ ಧೂಳು ಬೂಟಿಗೆ ಹತ್ತೀತೆಂದು ಕಾಲಡಿ ಪೇಪರ್ ಹಾಸಿಕೊಂಡು ನಿಂತಿದ್ದ.

ಕಲ್ಲು ಕೊಯ್ಯುವ ಯಂತ್ರದ ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು. ಇವನು ಅಂಗೈಯಗಲದ ಹೊಸ ಡಬ್ಬಿಯೊಂದನ್ನು ತಂದು, ಹಳೆಯ ಕಂಪ್ಯೂಟರಿನಂತೆಯೇ ನಡೆದುಕೊಳ್ಳುವ ಹಾಗೆ ಮಾಡಿದ. ಆದರೆ ದಶಮಾಂಶದ ಲೆಕ್ಕವನ್ನು ಹಳೆಯದರಷ್ಟೇ ಉದ್ದ ಮಾಡಿಸಿದರೆ ಡಬ್ಬಿ ತಡವರಿಸುತ್ತಿತ್ತು, ಗರಗಸ ಕಾಯುತ್ತ ನಿಲ್ಲುತ್ತಿತ್ತು. ಮಾಲೀಕರಾದ ಬಂದೇಅಲಿ ಸೇಠ ಕೂಗಾಡಿದರು. ಇವನು ಕೊನೆಯ ಅಂಕಿಗಳನ್ನು ಕತ್ತರಿಸಿ ಒಗೆದ. ಯಂತ್ರ ಓಡಿತು. ಹತ್ತು ಕಲ್ಲು ಕೊಯ್ದು ತೋರಿಸಿದ, ಹತ್ತೂ ಬರೋಬ್ಬರಿ ಎರಡಡಿ. ಸೇಠ ಬೆನ್ನು ತಟ್ಟಿದರು.

ಎರಡು ವಾರಕ್ಕೆ ಫರಸಿ ಟೇಪಿಗೆ ಸಿಗುವಷ್ಟು ಗಿಡ್ಡವಾದವು. ಅಳತೆ ನೋಡುವವಳು ನಾನೇ, ಅಂಬುಜಾ. ನಮ್ಮಲ್ಲಿ ಯಂತ್ರ ನಿಲ್ಲಿಸುವುದು ಅಮಾವಾಸ್ಯೆಗೆ ಮಾತ್ರ. ಕರೆಂಟ್ ಹೋದರೂ ಡಬ್ಬಿ ಬ್ಯಾಟರಿಯ ಮೇಲೆ ಎಚ್ಚರವಿರುತ್ತದೆ. ಅಮಾವಾಸ್ಯೆಗೆ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಚಾಲೂ ಮಾಡುತ್ತೇವೆ. ಈ ಮಹಾಶಯ ಬರುತ್ತಿದ್ದದ್ದೂ ಅವತ್ತೇ. ಹತ್ತು ಕಲ್ಲು ಕೊಯ್ಯುವುದು, ಹತ್ತೂ ಸರಿ ಎನ್ನುವುದು, ಹೋಗುವುದು.

ಎರಡನೇ ಅಮಾವಾಸ್ಯೆಗೆ ಬಂದಾಗ ಅಂದ: "ಮಷಿನ್ ಬರೋಬ್ಬರಿ ಅದ ಸೇಠ್. ಮುದುಕಗ ಕಣ್ಣು ಕಾಣಂಗಿಲ್ಲ, ಕಲ್ಲು ಸೊಟ್ಟ ಇಡಾಕತ್ತಾನ."

ಮುದುಕ ಎಂದರೆ ಸಾಯಬಣ್ಣ ಕಾಕಾ. ಇಪ್ಪತ್ತಾರು ವರ್ಷದಿಂದ ಆ ಗರಗಸ ಅವನದೇ. ಸೇಠ ಅವನ ಮುಖ ನೋಡದೆ, "ನಾಳಿಂದ ಬರಬ್ಯಾಡ ಸಾಯಬಣ್ಣ" ಅಂದರು. ಕಾಕಾ ಬುತ್ತಿಗಂಟು ಕಟ್ಟತೊಡಗಿದ. ನನಗೆ ಮೈಯೆಲ್ಲ ಉರಿಯಿತು.

ಕಾಕಾ ದಿನದ ಮೊದಲ ಕಲ್ಲನ್ನು ಮಾದರಿಗೆಂದು ತೆಗೆದಿಟ್ಟು, ಅದರ ಬೆನ್ನಿಗೆ ಸೀಮೆಸುಣ್ಣದಿಂದ ತಿಥಿ ಬರೆಯುತ್ತಿದ್ದ. ಎಲ್ಲರೂ ಅಲ್ಲಿರುವಾಗಲೇ ಎರಡು ತಿಂಗಳ ಕಲ್ಲುಗಳನ್ನು ತಿಥಿಯ ಪ್ರಕಾರ ಗೋಡೆಗೆ ಸಾಲಾಗಿ ನಿಲ್ಲಿಸಿದೆ. ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಇಳಿದವು, ಅಮಾವಾಸ್ಯೆ ಮುಗಿದೊಡನೆ ಮತ್ತೆ ಎರಡಡಿ, ಮತ್ತೆ ಇಳಿತ.

"ಅಮಾಸಿ ಮರುದಿನ ಕಾಕಾಗ ಹೊಸಾ ಕಣ್ಣು ಬರ್ತಾವೇನ್ರಿ ಸಾಹೇಬ್ರ?" ಅಂತ ಎಂಜಿನಿಯರನನ್ನು ಕೇಳಿದೆ.

ಅಜಯಕುಮಾರ ಡಬ್ಬಿಯ ಕಡೆ ನೋಡುತ್ತ ಒಪ್ಪಿಕೊಂಡ. ಚಾಲೂ ಆದಾಗಿನಿಂದ ಕಲ್ಲು ಸರಿದ ದೂರವನ್ನೆಲ್ಲ ಡಬ್ಬಿ ಕೂಡಿಸುತ್ತ ಹೋಗುತ್ತದಂತೆ. ಮೊತ್ತ ದೊಡ್ಡದಾದಷ್ಟೂ ಕತ್ತರಿಸಿದ ಅಂಕಿಗಳ ತಪ್ಪು ಬೆಳೆಯುತ್ತದಂತೆ. ಬಂದ್ ಮಾಡಿದರೆ ಎಲ್ಲ ಮತ್ತೆ ಸೊನ್ನೆಯಿಂದ ಶುರುವಂತೆ.

"ಮೊದಲೇ ಗೊತ್ತಿತ್ತೇನ್ರಿ?"

"ಹತ್ತು ಕಲ್ಲಿಗೆ ಏನೂ ಆಗಂಗಿಲ್ಲ ಅಂತ ಗೊತ್ತಿತ್ರಿ."

ಥೂ! ಇವನ ಓದಿಗಿಷ್ಟು ಬೆಂಕಿ ಹಾಕ.

"ಹಂಗಾರ ದಿನಾ ಒಮ್ಮೆ ಬಂದ್ ಮಾಡಿ ಚಾಲೂ ಮಾಡೂಣು, ಸ್ಪೀಡ್ ಇರ್ಲಿ" ಅಂದರು ಸೇಠ. ಅವರಿಗೂ ನಾಚಿಕೆಯಿಲ್ಲ.

ಆಗ ಕಾಕಾ ಬಾಯಿ ಬಿಟ್ಟ. "ಚಾಲೂ ಆದ ಎರಡನೇ ದಿನದ ಕಲ್ಲೂ ಕೂದಲಷ್ಟು ಕಮ್ಮಿ ಅದರಿ. ಪೂರಾ ಲೆಕ್ಕ ಮಾಡಸ್ರಿ, ನಿಧಾನ ಆದ್ರ ಆಗ್ಲಿ. ಇಲ್ಲಂದ್ರ ನೀವು ಕರದ್ರೂ ನಾ ಬರಂಗಿಲ್ಲ."

ಸೇಠ ಸಾಲಾಗಿ ನಿಂತ ಕಲ್ಲುಗಳನ್ನು ಇನ್ನೊಮ್ಮೆ ನೋಡಿ, "ಆತು, ನಾಳೆ ಬಾ ಸಾಯಬಣ್ಣ" ಅಂದರು.

ಅಜಯಕುಮಾರ ಉದ್ದದ ಲೆಕ್ಕವನ್ನೇ ಮತ್ತೆ ಹಾಕಿ, ಹತ್ತು ಕಲ್ಲು ಕೊಯ್ಯಿಸಿ, ಕಾಲಡಿಯ ಪೇಪರ್ ಮೇಲೆ ನಿಂತೇ ಕೆಲಸ ಮುಗಿಯಿತೆಂಬ ಕಾಗದವನ್ನು ಕಾಕಾನ ಸಹಿಗೆ ಚಾಚಿದ. ಕಾಕಾ ಕಾಗದ ಮುಟ್ಟಲಿಲ್ಲ. ನನ್ನ ಕೈಯಿಂದ ಟೇಪು ತೆಗೆದು ಅವನ ಕೈಗಿಟ್ಟ.

"ಹತ್ತಲ್ಲ ಸಾಹೇಬ್ರ. ಪೇಪರ್ ಬಿಟ್ಟು ಕೆಳಗ ಇಳೀರಿ. ಬರೋ ಅಮಾಸಿತನಕ ಅಳೀರಿ."