ಪರದೆಯಣ್ಣ

ಯಾವ ಕೋಣೆಗೆ ಕಾಲಿಟ್ಟರೂ ಆತ ಮೊದಲು ಕಿಟಕಿಯ ಪರದೆ ಎಳೆಯುತ್ತಿದ್ದ. ಎದುರಿಗಿದ್ದವರಿಗೆ ನಮಸ್ಕಾರ ಆಮೇಲೆ. ಮೊಣಕೈ ಸವೆದ ಬೂದು ಕೋಟು, ಎಡಗಾಲನ್ನು ತುಸು ತಡವಾಗಿ ಎತ್ತಿಡುವ ನಡಿಗೆ, ಮಾತಿಗೊಮ್ಮೆ "ಇರಲಿ, ನೋಡೋಣ." ಸೇನೆಯ ಅಧ್ಯಯನ ಕೇಂದ್ರದಲ್ಲಿ ಎಲ್ಲರೂ ಆತನನ್ನು ಪರದೆಯಣ್ಣ ಎನ್ನುತ್ತಿದ್ದರು. ಯುದ್ಧ ಬಂದರೆ ವೈರಿಗೆ ಬಾಹ್ಯಾಕಾಶ ದಕ್ಕದಂತೆ ಮಾಡುವುದು ಹೇಗೆಂಬುದೇ ಆತನ ಜೀವಮಾನದ ಚಿಂತೆ. ಉಪಗ್ರಹವನ್ನು ಹೊಡೆಯಬಾರದು, ಅದರ ಸಂಕೇತವನ್ನು ಕೆಲಕಾಲ ಕೆಡಿಸಿದರೆ ಸಾಕು ಎಂಬುದು ಆತನ ಸಿದ್ಧಾಂತ.

"ಕಿಟಕಿ ಯಾಕೆ ಒಡೀಬೇಕು? ಪರದೆ ಎಳೆದ್ರೆ ಸಾಲ್ದಾ?"

ಈ ಮಾತಿಗೆ ಕೇಂದ್ರದ ದಳಪತಿ ತಲೆದೂಗಿದಾಗಲೆಲ್ಲ ಪಕ್ಕದ ಮೇಜಿನ ಹಿರಿಯ ವಿಶ್ಲೇಷಕಿಗೆ ಮೈ ಉರಿಯುತ್ತಿತ್ತು. ಕಕ್ಷೆಗಳ ಗಣಿತವನ್ನು ಆತನಿಗೆ ಕಲಿಸಿದವಳೇ ಆಕೆ. ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿ, ಅದು ತನ್ನದೇ ಎಂದು ಆಕೆ ಅಂದುಕೊಂಡಿದ್ದಾಗ ಆತನ ಯೋಜನೆ ಪರೀಕ್ಷೆಗೆ ಬಂತು. ಗೆದ್ದರೆ ಕುರ್ಚಿ ಆತನದು. "ಅಕ್ಕಾ" ಎಂದು ಆತ ಕರೆದರೂ ಆಕೆಗೆ ಸಿಟ್ಟು. ಆ ಹಳೇ ಕೋಟು ಕಂಡರೂ ಹೊಟ್ಟೆಕಿಚ್ಚು.

ಯಾವ ಯೋಜನೆಯನ್ನಾದರೂ ಮೊದಲು ಮೇಜಿನ ಮೇಲೆ ಯುದ್ಧದಾಟವಾಗಿ ಆಡಿ ನೋಡುವುದು ಅಲ್ಲಿಯ ಪದ್ಧತಿ. ವೈರಿಯ ಪಾತ್ರ ಪಕ್ಕದ ಮೇಜಿನವರದು, ಅಂದರೆ ಈ ಸಲ ಆಕೆಯದು. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಆತ ಆಕೆಯ ಉಪಗ್ರಹಗಳನ್ನೆಲ್ಲ ಸದ್ದಿಲ್ಲದೆ ಕುರುಡಾಗಿಸಿದ್ದ. ಆಕೆ ಕ್ಷಿಪಣಿ ಹಾರಿಸಿ ಆತನದೊಂದು ಉಪಗ್ರಹವನ್ನು ಪುಡಿ ಮಾಡಿದಳು. ಚೂರುಗಳು ಕಕ್ಷೆಯ ತುಂಬ ಹರಡಿ ಉಳಿದವನ್ನೂ ಮುಗಿಸಿದವು.

"ಅಕ್ಕಾ, ಅಲ್ಲಿ ನಿಮ್ಮವೂ ಇದ್ವಲ್ಲ!"

"ಗೊತ್ತು. ನಿಂದು ಹೋಯ್ತಲ್ಲ, ಅಷ್ಟು ಸಾಕು."

"ಮೇಡಂ ಮನೇಲಿ ಜಗಳ ಆದ್ರೆ ಒಂದು ಪಾತ್ರೇನೂ ಉಳಿಯಲ್ಲ ಅನ್ಸುತ್ತೆ," ಎಂದರು ದಳಪತಿ. ಎಲ್ಲರೂ ನಕ್ಕರು. ಆತ ನಗಲಿಲ್ಲ, ಮೇಜನ್ನೇ ದಿಟ್ಟಿಸುತ್ತಿದ್ದ.

"ಸೋತೆ ಸರ್. ತನ್ನ ಲಾಭ ನೋಡೋ ವೈರೀನ ಮಾತ್ರ ಲೆಕ್ಕಕ್ಕೆ ತಗೊಂಡಿದ್ದೆ. ತನಗಿಲ್ಲದ್ದು ಯಾರಿಗೂ ಬೇಡ ಅನ್ನೋ ವೈರೀನ ಮರೆತಿದ್ದೆ. ಅಕ್ಕ ತೋರಿಸಿಕೊಟ್ರು."

ತನ್ನ ಸೋಲನ್ನು ಅಷ್ಟು ಬೇಗ ಅರ್ಥಮಾಡಿಕೊಂಡವನೆಂದು ಕುರ್ಚಿಯನ್ನು ಆತನಿಗೇ ಕೊಟ್ಟರು. ತಿದ್ದಿದ ಯೋಜನೆಯಲ್ಲಿ ಹೊಸದೊಂದು ನಿಯಮವಿತ್ತು: ವೈರಿಯನ್ನು ಪೂರ್ತಿ ಕುರುಡಾಗಿಸಬಾರದು, ಕಳೆದುಕೊಳ್ಳಲು ಅವನಿಗೂ ಏನಾದರೂ ಉಳಿದಿರಬೇಕು. ಹೊಸ ಕೋಣೆಯಲ್ಲಿ ಆತ ಪರದೆಯನ್ನು ಅರ್ಧ ಮಾತ್ರ ಎಳೆದ. ಚರ್ಚೆಗೆ ಬಂದಾಗ ಆಕೆ ಕೂರುವ ಕಡೆಯ ಅರ್ಧ ತೆರೆದೇ ಇತ್ತು. ಆ ಬೆಳಕು ಆಕೆಯ ಕಣ್ಣಿಗೆ ಚುಚ್ಚುತ್ತಿತ್ತು.

ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ದಂಡ. ಸೋಲಿಸಿದರೆ ಆ ಸೋಲನ್ನೂ ಕೆಲಸಕ್ಕೆ ಹಚ್ಚುತ್ತಾರೆ. ಕೊನೆಗೆ ನಮ್ಮದೆಂದು ಉಳಿದ ಉರಿಯನ್ನೂ ತೆಗೆದುಕೊಂಡು, ನಾಲ್ಕು ಜನರೆದುರು ನಮಗೇ ಕೃತಜ್ಞತೆ ಹೇಳಿಬಿಡುತ್ತಾರೆ.