ಮುನಾವರ್ ಸಾಹೇಬರ ಬಂದೂಕು

ಮೂವತ್ನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿ ನಾಗಲಕ್ಷ್ಮಿ ನಿವೃತ್ತಳಾದಾಗ, ಇನ್ನು ಈಕೆ ಅರಿಶಿನದ ಹೊಲ ನೋಡಿಕೊಂಡು ತೆಪ್ಪಗಿರುತ್ತಾಳೆ ಅಂತ ಹರವೆಯ ಜನ ಅಂದುಕೊಂಡರು. ಹೊಲವನ್ನು ಅವಳು ನೋಡಿಕೊಂಡಳು, ತೆಪ್ಪಗೆ ಮಾತ್ರ ಇರಲಿಲ್ಲ. ದಿನಾ ಬೆಳಗ್ಗೆ ಅಂಗಳದಲ್ಲಿ ನಿಂತು, ಎಡಗೈಯಲ್ಲಿ ಇಟ್ಟಿಗೆ ಹಿಡಿದು ತೋಳು ಚಾಚಿ, ಅಲುಗಾಡದೆ ನೂರರವರೆಗೆ ಎಣಿಸುತ್ತಿದ್ದಳು.

ಇಲಾಖೆಯಲ್ಲಿದ್ದಾಗ ಗುರಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಒಮ್ಮೆ ರಾಜ್ಯಮಟ್ಟದ ಸ್ಪರ್ಧೆಗೂ ಆಯ್ಕೆಯಾಗಿದ್ದಳು. ಹೊರಡುವ ಹಿಂದಿನ ದಿನ ನಾಲ್ಕು ವರ್ಷದ ಮಗಳು ನಯನಾಗೆ ಟೈಫಾಯ್ಡ್ ಅಂತ ಗೊತ್ತಾಯಿತು. ಕಟ್ಟಿದ ಚೀಲ ಬಿಚ್ಚಿದಳು. ಅಂಥ ಅವಕಾಶ ಮತ್ತೆ ಬರಲಿಲ್ಲ.

ಈಗ ಮೈಸೂರಿನ ಹತ್ತಿರದ ಒಂದು ರೈಫಲ್ ಕ್ಲಬ್ಬಿನವರು ಐವತ್ತೈದು ದಾಟಿದವರಿಗೆ ಜನವರಿಯಲ್ಲಿ ಸ್ಪರ್ಧೆ ಇಟ್ಟಿದ್ದರು. ಅವರವರ ಬಂದೂಕು ಅವರವರೇ ತರಬೇಕು. ನಾಗಲಕ್ಷ್ಮಿ ಓಡಾಡಿ ಲೈಸೆನ್ಸ್ ಮಾಡಿಸಿಕೊಂಡಳು. ಅಂಗಡಿಯಲ್ಲಿ ನೋಡಿದ ಹೊಸ ಬಂದೂಕುಗಳು ಯಾವುವೂ ಕೈಗೆ ಒಗ್ಗಲಿಲ್ಲ. ಆಗ ಚಾಮರಾಜನಗರದ ಬಂದೂಕು ವ್ಯಾಪಾರಿ ಮರಿಮಲ್ಲಪ್ಪ ಫೋನ್ ಮಾಡಿದ.

"ಮೇಡಮ್ನೋರೆ, ಹಳೇದೊಂದು ಅದ. ಒಂದೇ ಮೈ, ಎರಡು ನಳಿಗೆ. ಬಂದು ನೋಡ್ಬುಡಿ."

ಅದು ಬೇಟೆಗೆಂದು ಮಾಡಿದ ವಿದೇಶದ ಬಂದೂಕು. ನಡುವೆ ಬಗ್ಗಿಸಿ ತೆರೆದರೆ ಒಂದೇ ಒಂದು ಗುಂಡಿನ ತೋಟಾ ಹಿಡಿಯುತ್ತಿತ್ತು. ಒಂದು ಸ್ಕ್ರೂ ಬಿಚ್ಚಿದರೆ ದಪ್ಪ ನಳಿಗೆ ತೆಗೆದು ಸಣ್ಣ ರೈಫಲ್ ನಳಿಗೆ ಕೂರಿಸಬಹುದು. ಎರಡರ ಮೇಲೂ ಒಂದೇ ನಂಬರಿನ ಮುದ್ರೆ. ಮರದ ಹಿಡಿ ಹೆಗಲಿಗೆ ತಾಗುತ್ತಲೇ ನಾಗಲಕ್ಷ್ಮಿಗೆ ಬಿಡಲು ಮನಸ್ಸಾಗಲಿಲ್ಲ.

"ಸಣ್ಣ ನಳಿಗೇಲಿ ಗುರಿ ನಿಲ್ತಾ ಇಲ್ಲ ಕಣ್ರೀ," ಅಂದ ಮರಿಮಲ್ಲಪ್ಪ. "ಅದೂ ಅಲ್ದೆ ಬಂಡೀಪುರದ ಕಡೆ ರೆಸಾರ್ಟ್ ಇಟ್ಟಿರೋ ರಘುನಾಥ್ ಸಾರು ಒಂದೂವರೆ ಪಟ್ಟು ಕೊಡ್ತೀನಿ ಅಂತಾವ್ರೆ. ನಳಿಗೆ ಬಾಯಿ ಮುಚ್ಚಿಸಿ ಅಂದಕ್ಕೆ ಗೋಡೆಗೆ ನೇತಾಕ್ತಾರಂತೆ. ಯಾರಿಗೆ ಅನ್ನೋದು ಬಂದೂಕಿನ ಒಡತಿ ಬೇಗಮ್ಮನವರ ಇಷ್ಟ."

ಬಂದೂಕು ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಮುನಾವರ್ ಸಾಹೇಬರದು. ಅವರು ತೀರಿಕೊಂಡ ಮೇಲೆ ಹೆಂಡತಿ ಖುರ್ಷೀದ್ ಬೇಗಂ ಕಾನೂನಿನಂತೆ ಅದನ್ನು ಅಂಗಡಿಗೆ ಒಪ್ಪಿಸಿದ್ದರು. ನಾಗಲಕ್ಷ್ಮಿ ಮಾರನೆಯ ದಿನವೇ ಬಸ್ಸು ಹತ್ತಿದಳು.

ಎಪ್ಪತ್ತು ದಾಟಿದ ಖುರ್ಷೀದ್ ಬೇಗಂ ನಿಂಬೆರಸ ಹಿಂಡಿದ ಕಪ್ಪು ಚಹಾ ಮುಂದಿಟ್ಟು, ಬಂದವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಏನ್ ಹೊಡೀತೀರಮ್ಮ ಅದ್ರಲ್ಲಿ? ಹಂದಿನಾ, ಮೊಲಾನಾ?"

"ಕಾಗದ ಕಣಮ್ಮ. ಕಾಗದದ ಮೇಲೆ ಕಪ್ಪು ಬೊಟ್ಟು ಇರ್ತದಲ್ಲ, ಅದನ್ನ."

ಬೇಗಂ ಮುಖ ಅರಳಿತು. "ನಮ್ಮ ಯಜಮಾನ್ರೂ ಅಷ್ಟೇ. ಬೇಟೆ ಬಂದೂಕು ತಂದು ಒಂದು ಗುಬ್ಬಿ ಮೇಲೂ ಗುರಿ ಇಡ್ಲಿಲ್ಲ. ಭಾನುವಾರ ಬಂತು ಅಂದ್ರೆ ಕ್ಲಬ್ಬು, ಕಾಗದ." ಚಹಾದ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿ ಮುಂದುವರಿದರು. "ಗೋಡೇಲಿ ನೇತಾಕಿದ್ರೆ ಅದು ಬಂದೂಕಲ್ಲ, ಕ್ಯಾಲೆಂಡರು. ಆದ್ರೆ ಗುರಿ ಕೆಟ್ಟಿದೆ ಅಂತಾರೆ. ಕೆಟ್ಟಿಲ್ಲ ಅಂತ ನನ್ನ ಮುಂದೆ ಹೊಡೆದು ತೋರ್ಸಿ. ಹತ್ತು ಗುಂಡು. ತೋರ್ಸಿದ್ರೆ ನಿಮ್ದು, ಇಲ್ಲಾಂದ್ರೆ ಗೋಡೆಗೇ ಹೋಗ್ಲಿ."

ಮುಂದಿನ ಭಾನುವಾರ ಮರಿಮಲ್ಲಪ್ಪ ಕಾಗದಪತ್ರಗಳ ಸಮೇತ ಬಂದೂಕನ್ನು ಕ್ಲಬ್ಬಿಗೆ ತಂದ. ಬೇಗಂ ಕುರ್ಚಿ ಹಾಕಿಸಿಕೊಂಡು ಕೂತರು. ರಘುನಾಥನೂ ಬಂದಿದ್ದ, ಕುತೂಹಲಕ್ಕೆ.

ಐವತ್ತು ಮೀಟರ್ ದೂರದಲ್ಲಿ ಗುರಿಯ ಕಾಗದ. ನಾಗಲಕ್ಷ್ಮಿ ಮೊದಲ ಗುಂಡು ಹೊಡೆದಳು. ಬೊಟ್ಟಿನ ಎಡಕ್ಕೆ, ಒಂದು ಗೇಣು ಆಚೆ. ಎರಡನೆಯದು ಮೇಲಕ್ಕೆ. ಮೂರನೆಯದು ಕಾಗದಕ್ಕೇ ತಾಗಲಿಲ್ಲ.

"ನಾ ಹೇಳಲಿಲ್ವೆ?" ಅಂತ ಮರಿಮಲ್ಲಪ್ಪ ಗೊಣಗಿದ. ರಘುನಾಥ ಆಗಲೇ ಫೋನಿನಲ್ಲಿ ಬಂದೂಕಿನ ಉದ್ದ ಬರೆದುಕೊಳ್ಳುತ್ತಿದ್ದ.

ನಾಗಲಕ್ಷ್ಮಿಯ ಕಿವಿ ಬಿಸಿಯಾಯಿತು. ಆದರೂ ನಾಲ್ಕನೆಯ ತೋಟಾ ತುಂಬಲಿಲ್ಲ. ಅವಳ ಕೈ ಅಲುಗಿರಲಿಲ್ಲ. ನಳಿಗೆಯ ಮೇಲಿನ ಗುರಿಮೊನೆ ವಾರೆಯಾಗಿದ್ದರೆ ಗುಂಡುಗಳೆಲ್ಲ ಒಂದೇ ಕಡೆ ತಪ್ಪುತ್ತಿದ್ದವು. ಇವು ದಿಕ್ಕಿಗೊಂದು ಹೋಗಿದ್ದವು. ಅಂದರೆ ಬಂದೂಕಿನಲ್ಲೇ ಏನೋ ಅಲುಗಾಡುತ್ತಿದೆ. ಬಂದೂಕು ಮುಚ್ಚಿ, ನಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದಳು. ಕೂದಲೆಳೆಯಷ್ಟು ಜರುಗಿತು.

"ಒಂಚೂರು ಸೀಮೆಎಣ್ಣೆ, ಬಟ್ಟೆ, ಒಂದು ಬೆಂಕಿಕಡ್ಡಿ ಕೊಡಿ."

ಸ್ಕ್ರೂ ಬಿಚ್ಚಿ ನಳಿಗೆ ಹೊರತೆಗೆದಳು. ನಳಿಗೆ ಕೂರುವ ಗುಳಿಯೊಳಗೆ, ಎಷ್ಟೋ ವರ್ಷದ ಗ್ರೀಸು ಒಣಗಿ ಅಂಟಿನಂತೆ ಗಟ್ಟಿಯಾಗಿ, ನಳಿಗೆ ಪೂರ್ತಿ ಕೂರದಂತೆ ತಡೆದಿತ್ತು. ಬಟ್ಟೆ ಅದ್ದಿ ನೆನೆಸಿ, ಕಡ್ಡಿಯಿಂದ ಕೆರೆದಳು. ಕರಿಯ ಚಕ್ಕೆಯೊಂದು ಮೇಜಿನ ಮೇಲೆ ಬಿತ್ತು, ಸಾಸಿವೆಗಿಂತ ಸ್ವಲ್ಪ ದೊಡ್ಡದು.

"ಇದು ಕಣ್ರೀ ನಿಮ್ಮ ಗುರಿ ಕೆಡಿಸಿದ್ದು," ಅಂದಳು. ನಳಿಗೆ ಕೂರಿಸಿ ಮುಚ್ಚಿದಾಗ ಟಕ್ ಅಂತ ಗಟ್ಟಿ ಸದ್ದು ಬಂತು. ಕುರ್ಚಿಯಲ್ಲಿದ್ದ ಬೇಗಂ ತಟ್ಟನೆ ತಲೆಯೆತ್ತಿದರು.

"ಹಾಂ! ಮನೇಲಿ ಕೇಳ್ತಿದ್ದ ಸದ್ದು ಇದೇ."

ನಾಲ್ಕನೆಯ ಗುಂಡು ಬೊಟ್ಟಿನೊಳಗೆ. ಐದನೆಯದು ಅದರ ಪಕ್ಕಕ್ಕೆ. ಆಮೇಲೆ ನಾಗಲಕ್ಷ್ಮಿಗೆ ಸುತ್ತಲಿನ ಯಾರೂ ಕಾಣಲಿಲ್ಲ. ತೆರೆ, ತುಂಬು, ಮುಚ್ಚು, ಉಸಿರು ಬಿಡು, ಒತ್ತು. ಒಂದೊಂದು ಗುಂಡಿಗೂ ಒಂದೊಂದು ಸಲ ಹೊಸದಾಗಿ ನಿಲ್ಲುವುದು ಅವಳಿಗೆ ಹಿತವಾಗಿತ್ತು. ಹತ್ತು ಮುಗಿದಾಗ ಹೆಗಲು ಇಳಿಸಿದಳು.

ಕ್ಲಬ್ಬಿನವರು ಕಾಗದ ತಂದು ಮೇಜಿನ ಮೇಲೆ ಹರಡಿದರು. ಕಡೆಯ ಏಳೂ ತೂತು ಒಂದು ನಿಂಬೆಹಣ್ಣಿನಡಿ ಮುಚ್ಚಿಹೋಗುವಷ್ಟು ಜಾಗದಲ್ಲಿದ್ದವು. ಮರಿಮಲ್ಲಪ್ಪ ಎರಡು ಸಲ ಎಣಿಸಿದ. ರಘುನಾಥ ನಕ್ಕು ಫೋನು ಜೇಬಿಗಿಳಿಸಿ, "ಇದನ್ನ ಗೋಡೆಗೆ ಹಾಕಿದ್ರೆ ಪಾಪ ಸುತ್ಕೊಳ್ಳುತ್ತೆ ಬುಡಿ," ಅಂದ.

ಖುರ್ಷೀದ್ ಬೇಗಂ ಎದ್ದು ಬಂದು ನಾಗಲಕ್ಷ್ಮಿಯ ಕೈ ಹಿಡಿದರು. ಆಮೇಲೆ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

"ಬಂದೂಕು ನಿಮ್ದು. ಈ ಕಾಗದ ಮಾತ್ರ ನಾನು ಕೊಡಲ್ಲ."

ಲೈಸೆನ್ಸಿನಲ್ಲಿ ಎರಡೂ ನಳಿಗೆಯ ವಿವರ ಏರಿ, ಬಂದೂಕು ನಾಗಲಕ್ಷ್ಮಿಯ ಹೆಸರಿಗೆ ಬಂತು. ಜನವರಿಯ ಸ್ಪರ್ಧೆಯಲ್ಲಿ ಇಪ್ಪತ್ತೆರಡು ಜನ ನಿಂತಿದ್ದರು, ಅದರಲ್ಲಿ ಹೆಂಗಸು ಅವಳೊಬ್ಬಳೇ. ದುಬಾರಿ ಬಂದೂಕುಗಳ ಸಾಲಿನಲ್ಲಿ ಅವಳದನ್ನು ಕೆಲವರು ಬಗ್ಗಿ ನೋಡಿ ಮುಗುಳ್ನಕ್ಕರು. ಸಂಜೆ ಹಲಗೆಯ ಮೇಲೆ ಅಂಕ ಬರೆದಾಗ ಮೊದಲ ಸಾಲಿನಲ್ಲಿ ಹರವೆಯ ನಾಗಲಕ್ಷ್ಮಿಯ ಹೆಸರಿತ್ತು. ಮಗಳು ನಯನಾ ಜನರ ನಡುವಿನಿಂದ ಓಡಿ ಬಂದು, "ಅವ್ವಾ, ಗೆದ್ಬುಟ್ಟೆ ಕಣವ್ವ!" ಅಂತ ಕೂಗಿ ಅಪ್ಪಿಕೊಂಡಳು. ನಾಗಲಕ್ಷ್ಮಿ ಗಟ್ಟಿಯಾಗಿ ನಗುತ್ತಾ ನಿಂತಳು.