ಮೊದಲು ಮುಟ್ಟಿದ್ದು ಆನೆ

ಚದುರಂಗದ ಬಿಳಿ ಕಾಯಿಗಳ ಮುಂದೆ ಕೂತಾಗ ಸೈಕಾಲ್‌ಳ ಕೆಳದುಟಿ ಇನ್ನೂ ಊದಿಕೊಂಡೇ ಇತ್ತು. ಊದಿಸಿದವನು ಎದುರಿಗೇ ಇದ್ದ, ಅಣ್ಣ ತೆಮಿರ್‌ಬೆಕ್. ಸುಮ್ಮನೆ ಸೋತು ಎದ್ದು ಬಾ, ಹೆಣ್ಣಿಗೆ ಫ್ರುಂಜೆ ಯಾಕೆ ಎಂದು ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದ್ದ. ಇವಳು ಹೂಂ ಅನ್ನಲಿಲ್ಲ. ಅಷ್ಟಕ್ಕೇ ಕೈ ಬೀಸಿದ್ದ. ಓಶ್ ಊರಿನ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಗೆದ್ದವರಿಗೆ ರಾಜಧಾನಿ ಫ್ರುಂಜೆಯಲ್ಲಿ ತರಬೇತಿ, ಅಲ್ಲೇ ಹಾಸ್ಟೆಲ್. ಅವನಿಗೆ ಅದು ಹೆಸರು. ಅವಳಿಗೆ, ಆ ಕೈಗೆ ಎಟುಕದಷ್ಟು ದೂರದಲ್ಲಿ ಒಂದು ಮಂಚ.

ರೇಷ್ಮೆ ಮಿಲ್ಲಿನ ಕ್ಲಬ್ಬಿನಲ್ಲಿ ಜನ ಮೇಜಿಗೆ ಮುತ್ತಿಕೊಂಡಿದ್ದರು. ತೆಮಿರ್‌ಬೆಕ್ ಡ್ರ್ಯಾಗನ್ ಎಂಬ ಆರಂಭ ಹೂಡಿದ. ಆ ಆರಂಭದಲ್ಲಿ ರಾಜಿ ಪಂಚಾಯಿತಿಗೆ ಜಾಗವಿಲ್ಲ. ಕಪ್ಪಿನ ಒಂಟೆ ಮೂಲೆಯಲ್ಲಿ ಕೂತು ಪಟದ ಉದ್ದಕ್ಕೂ ಈಟಿ ಹಿಡಿದಿರುತ್ತದೆ. ಬಿಳಿಯವರು ಅಂಚಿನ ಕಾಲಾಳನ್ನು ಕಪ್ಪು ರಾಜನ ಬಾಗಿಲಿಗೆ ಅಟ್ಟುತ್ತಾರೆ. ಯಾರ ಬಾಗಿಲು ಮೊದಲು ಮುರಿಯಿತೋ ಅವರು ಸತ್ತರು. ಅಣ್ಣ ಒಂದೊಂದು ಕಾಯಿಯನ್ನೂ ಮೊಳೆ ಹೊಡೆದಂತೆ ಕುಕ್ಕುತ್ತಿದ್ದ. ಅವಳು ಸದ್ದಿಲ್ಲದೆ ಕಾಲಾಳನ್ನು ತಳ್ಳಿದಳು, ಮತ್ತೆ ತಳ್ಳಿದಳು, ಬಾಗಿಲು ಒಡೆದಳು.

ಅಣ್ಣನ ಮನೆಗೇ ಬೆಂಕಿ ಇಡ್ತಾಳಲ್ಲಪ್ಪ ಎಂದು ಹಿಂದೆ ಯಾರೋ ಮುದುಕ ನಕ್ಕ. ತೆಮಿರ್‌ಬೆಕ್‌ನ ಕಿವಿ ಕೆಂಪಾಯಿತು.

ಈಗ ಕೋಟೆ ಕಟ್ಟಬೇಕಿತ್ತು. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಬದಿಗೆ ಬಚ್ಚಿಡುವುದು. ಪಂದ್ಯದಲ್ಲಾದರೆ ಮೊದಲು ರಾಜನನ್ನೇ ಮುಟ್ಟಬೇಕು. ಚಹಾ ಕುಡಿಯುತ್ತ ಆಡುವ ಚಾಯ್‌ಖಾನಾದಲ್ಲಿ ಅದನ್ನೆಲ್ಲ ಯಾರೂ ಕೇಳುವುದಿಲ್ಲ, ಆನೆಯನ್ನು ಎತ್ತಿಟ್ಟು ಆಮೇಲೆ ರಾಜನನ್ನು ಹಾರಿಸುತ್ತಾರೆ. ಅವಳು ಆಟ ಕಲಿತದ್ದು ಅಲ್ಲಿಯೇ, ಅಣ್ಣನ ತೊಡೆಯ ಮೇಲೆ ಕೂತು. ತಲೆಗೆ ನಿಯಮ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಕೈ ಆನೆಗೆ ಹೋಯಿತು.

"ಆನೆ ಮುಟ್ಟಿದೆ. ಆನೆಯನ್ನೇ ನಡೆಸು," ಎಂದ ತೆಮಿರ್‌ಬೆಕ್.

"ಹೀಗೆ ಕಲಿಸಿದ್ದು ನೀನೇ ಅಲ್ವಾ, ಅಣ್ಣ."

"ಕಲಿಸಿದ್ದೆ. ಇದು ಚಾಯ್‌ಖಾನಾ ಅಲ್ಲ."

ಪಂದ್ಯ ನೋಡಿಕೊಳ್ಳುತ್ತಿದ್ದ ಪೋಲಿನಾ ಮಾರ್ಕೊವ್ನಾ ಕನ್ನಡಕ ಸರಿಪಡಿಸಿಕೊಂಡು, ಅವನು ಹೇಳಿದ್ದೇ ಸರಿ ಎಂದರು. ಆನೆ ಸರಿಯಿತು. ರಾಜ ನಡುಬಯಲಲ್ಲಿ ಒಂಟಿಯಾಗಿ ನಿಂತ.

ಇನ್ನು ಕಾಪಾಡಿಕೊಳ್ಳುವುದು ಏನೂ ಇಲ್ಲ. ಉಸಿರಾಡಲು ಬಿಟ್ಟರೆ ಅವನು ಕೊಲ್ಲುತ್ತಾನೆ. ಸೈಕಾಲ್ ಅಂಚಿನ ಇನ್ನೊಂದು ಆನೆಯನ್ನು ಕಪ್ಪು ರಾಜನ ಮೈಮೇಲೆ ಎಸೆದಳು. ಅವನು ತಿಂದ. ಕುದುರೆ ಎಸೆದಳು. ಅದನ್ನೂ ತಿಂದ. ಅವಳೂ ಈಗ ಕುಕ್ಕುತ್ತಿದ್ದಳು, ಗಡಿಯಾರದ ಗುಂಡಿಯನ್ನು ಮುಷ್ಟಿಯಿಂದ ಗುದ್ದುತ್ತಿದ್ದಳು. ಮಂತ್ರಿಯನ್ನು ಅವನ ರಾಜನ ಕಿವಿಯ ಬಳಿಗೇ ಒಯ್ದು ಶಹ ಕೊಟ್ಟಳು.

ಕಾಯಿ ಬಿಟ್ಟ ಮೇಲೆ ಕಂಡಿತು. ಅವನ ರಾಜನಿಗೆ ಓಡಲು ಒಂದು ಮನೆ ಇತ್ತು. ಅಲ್ಲಿಗೆ ಓಡಿದರೆ ಅವಳ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ತಾನು ಪಟ ನೋಡಿದರೆ ಕಣ್ಣು ಆ ಮನೆಗೇ ಹೋಗುತ್ತದೆ, ಆಗ ಅವನಿಗೂ ಅದು ಕಾಣುತ್ತದೆ. ಅದಕ್ಕೇ ಅವಳು ತಲೆಯೆತ್ತಿ ಅಣ್ಣನನ್ನೇ ನೋಡಿದಳು. ಅವರ ಮನೆಯಲ್ಲಿ ತಂಗಿಯಾದವಳು ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಅವಳೂ ಈವರೆಗೆ ನೋಡಿದವಳಲ್ಲ. ತೆಮಿರ್‌ಬೆಕ್ ಪಟ ಮರೆತು ಆ ಕಣ್ಣುಗಳನ್ನು ನೋಡಿದ, ಅಲ್ಲಿ ತನ್ನ ಸಾವು ಬರೆದಿದೆ ಅಂದುಕೊಂಡ. ತೋಳು ಬೀಸಿ ಪಟವನ್ನೇ ಗುಡಿಸಿ ಹಾಕಿದ. ಕಾಯಿಗಳು ಗೋಡೆಗೆ ಬಡಿದವು, ಮುಂದಿನ ಸಾಲಿನ ಹೆಂಗಸಿನ ಹುಬ್ಬು ಒಡೆಯಿತು, ಕುರ್ಚಿಗಳು ಉರುಳಿದವು.

ಪಟ ಕೆಡಿಸಿದವರು ಸೋತ ಹಾಗೆ ಎಂದು ಪೋಲಿನಾ ಮಾರ್ಕೊವ್ನಾ ಗಡಿಯಾರ ನಿಲ್ಲಿಸಿದರು. ಸೈಕಾಲ್ ಗೆದ್ದಳು ಎಂದರು.

ತೆಮಿರ್‌ಬೆಕ್ ಏದುಸಿರು ಬಿಡುತ್ತಿದ್ದ. "ಇನ್ನೆಷ್ಟು ನಡೆ ಇತ್ತು ನನ್ನ ಸಾವಿಗೆ?"

ಸೈಕಾಲ್ ನೆಲದಿಂದ ಕಾಯಿಗಳನ್ನು ಆರಿಸಿ, ಇದ್ದ ಹಾಗೆಯೇ ಜೋಡಿಸಿದಳು. ಸುಮ್ಮನಿದ್ದುಬಿಡಬಹುದಿತ್ತು. ಅವನ ರಾಜನನ್ನು ಒಂದು ಮನೆ ಆಚೆಗೆ ಸರಿಸಿದಳು.

"ಸಾಯ್ತಿರಲಿಲ್ಲ, ಅಣ್ಣ. ಇಲ್ಲಿಗೆ ಬಂದಿದ್ರೆ ನೀನೇ ಗೆಲ್ತಿದ್ದೆ."

ಅವನ ಕೈ ಮೇಲೆದ್ದಿತು. ಅವಳು ಮುಖ ತಿರುಗಿಸಲಿಲ್ಲ. ಇಬ್ಬರು ಗಂಡಸರು ಹಿಂದಿನಿಂದ ಅವನ ತೋಳು ತಿರುಚಿ ಹಿಡಿದರು. ಹಿಡಿತದಲ್ಲೇ ಅವನು ಬಗ್ಗಿ ಬಗ್ಗಿ ಆ ಮನೆಯನ್ನು ನೋಡುತ್ತಿದ್ದ. ಅವಳು ಪೋಲಿನಾ ಮಾರ್ಕೊವ್ನಾರ ಹತ್ತಿರ ಹೋಗಿ, ಫ್ರುಂಜೆಗೆ ಇವತ್ತೇ ಹೊರಡುವ ಬಸ್ಸಿದೆಯೇ ಎಂದು ಮೆಲ್ಲಗೆ ಕೇಳಿದಳು.